ಅಗುಳಿ ತೆಗೆಯುವ ಹೊತ್ತು

ಅಶ್ವತ್ಥನ ಕಣ್ಣು ಕೆಟ್ಟಿದೆಯೆಂದು ಮೊದಲು ಕಂಡುಹಿಡಿದದ್ದು ವೈದ್ಯರಲ್ಲ, ಅವನ ತಾಯಿ ಮುನಿವೆಂಕಟಮ್ಮ. ಅದೂ ಅವನ ಕಣ್ಣು ನೋಡಿ ಅಲ್ಲ, ಹುಳ ನೋಡಿ.

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳಿಗೆ ಹುಳ ಹಣ್ಣಾಗುವ ದಿನವೆಂದರೆ ಮದುವೆ ಮನೆಯಷ್ಟೇ ಗಡಿಬಿಡಿ. ಅಲ್ಲಿಯವರೆಗೆ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ಬಿಳಿ ಹುಳ ಒಮ್ಮೆಲೇ ಮೇವು ಬಿಡುತ್ತದೆ. ಮೈ ತಿಳಿಯಾಗಿ, ಬೆಳಕಿಗೆ ಹಿಡಿದರೆ ನಸುಹಳದಿ ಕಾಣುತ್ತದೆ. ಅಂಥದನ್ನು ಮಾತ್ರ ಆಯ್ದು ಗೂಡು ಕಟ್ಟಲಿಕ್ಕೆ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಎಳೆಯದನ್ನು ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ ಪಕ್ಕದ ಗೂಡುಗಳನ್ನೂ ಹೊಲಸು ಮಾಡುತ್ತದೆ. ಹಣ್ಣು ಹುಳ ಆಯುವ ಯಂತ್ರ ಆ ಕಾಲಕ್ಕಾಗಲೇ ಬಂದಿತ್ತು. ಮುನಿವೆಂಕಟಮ್ಮ ಒಂದು ಬೆಳೆಗೆ ಅದನ್ನು ತರಿಸಿ, ಅದರ ಕೆಲಸದ ಚೆಂದ ನೋಡಿ, ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ್ದಳು.

ಇಪ್ಪತ್ತಮೂರರ ಅಶ್ವತ್ಥ ಹತ್ತನೆಯ ವಯಸ್ಸಿನಿಂದ ಹುಳ ಆಯ್ದವನು. ಆ ಬೆಳಿಗ್ಗೆ ಅವನ ತಟ್ಟೆಯಲ್ಲಿ ಅರ್ಧಕ್ಕರ್ಧ ಎಳೆ ಹುಳ ಇದ್ದವು.

“ಏನ್ಲಾ ಇದು? ಕಣ್ಣು ಎಲ್ಲಿಟ್ಟಿದೀಯ?” ಎಂದಳು ತಾಯಿ.

“ಎಲ್ಲಾ ಹಣ್ಣೇ ಕಣಮ್ಮ. ಎಲ್ಲಾ ಒಂದೇ ಬಣ್ಣ ಅವೆ ನೋಡು.”

ಮುನಿವೆಂಕಟಮ್ಮ ತಟ್ಟೆಯನ್ನು ಅವನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು. ಮೂವತ್ತು ವರ್ಷದ ಹಿಂದೆ ಅವಳ ಅಣ್ಣ ಪಿಳ್ಳಪ್ಪ ಇದೇ ಜಾಗದಲ್ಲಿ ಕೂತು ಇದೇ ಮಾತು ಆಡಿದ್ದ. ಮೊದಲು ಎಡಗಣ್ಣು, ಮೂರು ತಿಂಗಳೊಳಗೆ ಬಲಗಣ್ಣು, ಎರಡೂ ಹೋಗಿದ್ದವು. ಅವಳು ಕೈ ತೊಳೆದುಕೊಂಡು ಮಗಳಿಗೆ ಫೋನು ಮಾಡಿದಳು.

ಮಗಳು ಪಾರಿಜಾತ ನಂದಿ ಬೆಟ್ಟದ ತಪ್ಪಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಅವಳು ಆ ಕೆಲಸ ಹುಡುಕಿಕೊಂಡು ಹೋದದ್ದೇ ಪಿಳ್ಳಪ್ಪ ಮಾವನ ಕಣ್ಣಿನ ದೆಸೆಯಿಂದ. ಚಿಕ್ಕವಳಿದ್ದಾಗ ಅವನ ಕೈಹಿಡಿದು ಹಾಲಿನ ಡೇರಿಗೆ ಕರೆದೊಯ್ಯುವ ಕೆಲಸ ಅವಳದಾಗಿತ್ತು. ಊರವರು ಇದನ್ನು ಶಾಪ ಅನ್ನುತ್ತಿದ್ದರು, ಹಲವರು ನಾಗದೋಷ ಅನ್ನುತ್ತಿದ್ದರು. ಪಾರಿಜಾತ ಓದಿ ತಿಳಿದುಕೊಂಡದ್ದು ಬೇರೆ.

ಜೀವಕೋಶವೊಂದು ಮನೆಯಾದರೆ ಅದರೊಳಗೆ ಉರಿಯುವ ಒಲೆಗಳೇ ಮೈಟೊಕಾಂಡ್ರಿಯಗಳು. ಕೋಶಕ್ಕೆ ಬೇಕಾದ ಶಕ್ತಿಯೆಲ್ಲ ಬೇಯುವುದು ಅಲ್ಲೇ. ಈ ಒಲೆಗಳು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತವೆ, ಅಪ್ಪನ ಪಾಲು ಏನೂ ಇಲ್ಲ. ಒಲೆಯ ಗೋಡೆಗೊಂದು ಬಾಗಿಲು. ಬಾಗಿಲಿಗೊಬ್ಬ ಕಾವಲುಗಾರ, ಸೈಕ್ಲೋಫಿಲಿನ್-ಡಿ ಎಂಬ ಪ್ರೋಟೀನು. ಒಲೆ ಕೆಟ್ಟಿತೆಂದು ಕಂಡರೆ ಕಾವಲುಗಾರ ಬಾಗಿಲು ಹಾರುಹೊಡೆದುಬಿಡುತ್ತಾನೆ. ಒಳಗೆ ಇರಬೇಕಾದದ್ದು ಹೊರಗೆ ಸೋರಿ ಸಾವಿನ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದ ಕೋಶ ಕೂಗಾಟವಿಲ್ಲದೆ ತನ್ನನ್ನು ತಾನೇ ಬಿಚ್ಚಿ, ಮಡಿಸಿಟ್ಟು, ಹೊರಟುಹೋಗುತ್ತದೆ. ದೇಹಕ್ಕೆ ಇದು ಬೇಕಾದ ಏರ್ಪಾಡೇ, ಕೆಟ್ಟದ್ದು ಹೋಗಲೇಬೇಕಲ್ಲ. ಆದರೆ ಮುನಿವೆಂಕಟಮ್ಮನ ತಾಯಿಯ ಕಡೆಯವರ ಒಲೆಗಳಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ಊನ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಕೋಶಗಳು ಇನ್ನೂ ದುಡಿಯಬಲ್ಲವಾಗಿದ್ದರೂ ಅಲ್ಲಿನ ಕಾವಲುಗಾರ ಅವಸರಕ್ಕೆ ಬಿದ್ದು ಬಾಗಿಲು ತೆಗೆಯುತ್ತಾನೆ.

ಬಾಗಿಲಿಗೆ ಅಗುಳಿ ಹಾಕಿದರೆ? ಪಾರಿಜಾತ ಕೆಲಸ ಮಾಡುತ್ತಿದ್ದ ಡಾ. ಫರೀದಾ ಅವರ ಪ್ರಯೋಗಾಲಯ ಹನ್ನೊಂದು ವರ್ಷ ಕೇಳಿಕೊಂಡ ಪ್ರಶ್ನೆ ಇದೊಂದೇ. ಕಾವಲುಗಾರನ ಕೈಹಿಡಿದು ಕೂರಿಸುವ ಒಂದು ಔಷಧಿಯನ್ನು ಅವರು ಮಾಡಿದರು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಆದರೆ ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಅಗುಳಿ’ ಎಂದೇ. ಬೆಳಿಗ್ಗೆ ಸಂಜೆ ಕಣ್ಣಿಗೆ ಒಂದೊಂದು ಹನಿ. ಒಂದು ಕಣ್ಣು ಹೋಗಿ ಇನ್ನೊಂದು ಉಳಿದಿರುವ ಇಪ್ಪತ್ತನಾಲ್ಕು ಜನರ ಮೇಲೆ ಪರೀಕ್ಷೆ ಶುರುವಾಗುವುದರಲ್ಲಿತ್ತು. ಅಶ್ವತ್ಥನ ಎಡಗಣ್ಣು ಅಷ್ಟರಲ್ಲಿ ಪೂರ್ತಿ ಮಬ್ಬಾಗಿತ್ತು. ಬಲಗಣ್ಣಿಗಾಗಿ ಅವನೂ ಸೇರಿದ.

ಸೇರುವ ದಿನ ಅರ್ಜಿಯಲ್ಲಿ ‘ತಾಯಿಯಿಂದ ಬಂದದ್ದು’ ಎಂದು ನರ್ಸಮ್ಮ ಬರೆದುಕೊಂಡಳು. ಮುನಿವೆಂಕಟಮ್ಮ ಅದನ್ನು ಓದಿಸಿಕೊಂಡು ಕೇಳಿದಳು. ಬಸ್ಸಿನಲ್ಲಿ ಊರು ಬರುವವರೆಗೂ ಒಂದು ಮಾತೂ ಆಡಲಿಲ್ಲ ಎಂದು ಅಶ್ವತ್ಥ ಆಮೇಲೆ ಅಕ್ಕನಿಗೆ ಹೇಳಿದ.

ಔಷಧಿಯ ಸೀಸೆ ಬುದ್ಧಿವಂತ ಸೀಸೆ. ಹಿಂಡಿದ ಹನಿಗಳನ್ನು ಎಣಿಸಿ ಕೇಂದ್ರಕ್ಕೆ ತಾನೇ ತಿಳಿಸುತ್ತಿತ್ತು. ಜೊತೆಗೆ ದುರ್ಬೀನಿನಂಥ ಒಂದು ಕ್ಯಾಮೆರಾ. ದಿನವೂ ಅದಕ್ಕೆ ಕಣ್ಣಿಟ್ಟರೆ ನರದ ಕೋಶಗಳ ಚಿತ್ರ ಹೋಗುತ್ತಿತ್ತು. ಬಾಗಿಲು ಹಾಕಿದ ಕೋಶ ನೀಲಿ, ತೆಗೆದದ್ದು ಕೆಂಪು. ಕೋಶದೊಳಗಿನ ಕ್ಯಾಲ್ಸಿಯಂ ಅಳತೆಯೂ ಚಿತ್ರದ ಜೊತೆಗೇ ಬರುತ್ತಿತ್ತು. ಆ ಚಿತ್ರಗಳನ್ನು ಓದುವ ಕೆಲಸ ಪಾರಿಜಾತಳದು. ತಮ್ಮ ಪರೀಕ್ಷೆಯಲ್ಲಿದ್ದಾನೆಂದು ಅವಳು ಮೊದಲೇ ಹೇಳಿದ್ದರಿಂದ ಅವನ ಸಂಖ್ಯೆ ಯಾವುದೆಂದು ಅವಳಿಗೆ ತಿಳಿಸಿರಲಿಲ್ಲ. ಅವಳ ಪಾಲಿಗೆ ಎಲ್ಲರೂ ಬರೀ ಅಂಕಿಗಳು, ಆ ಅಂಕಿಗಳಲ್ಲಿ ಒಂದು ಅವಳ ತಮ್ಮ.

ಮೊದಲ ತಿಂಗಳು ಗೋಡೆಯ ಮೇಲಿನ ಪರದೆ ತುಂಬ ನೀಲಿಯೋ ನೀಲಿ. ಒಬ್ಬರ ಕಣ್ಣೂ ಕುಂದಲಿಲ್ಲ. ಫರೀದಾ ಮೇಡಂ ಅಪರೂಪಕ್ಕೆ ನಕ್ಕು ಎಲ್ಲರಿಗೂ ಬಾದುಷಾ ತರಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ, ಆರನೆಯ ವಾರ ಒಬ್ಬೊಬ್ಬರೇ ಫೋನು ಮಾಡತೊಡಗಿದರು. ಕಣ್ಣ ಮುಂದೆ ಹೊಗೆ ಆಡಿದ ಹಾಗಿದೆ ಮೇಡಂ. ಬೆಳಕು ಚುಚ್ಚುತ್ತದೆ ಮೇಡಂ. ಬುಧವಾರದ ಹೊತ್ತಿಗೆ ಹದಿನಾಲ್ಕು ಜನ.

“ಬಾಗಿಲು ಹಾಕಿಯೇ ಇದೆಯಲ್ಲ ಪಾರಿಜಾತ? ನೀಲಿಯೇ ತೋರಿಸ್ತಿದೆಯಲ್ಲ?” ಎಂದರು ಫರೀದಾ. ಅರವತ್ತು ದಾಟಿದ ಅವರು ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಅದನ್ನೇ ಹುಡುಕುವವರು. ಅವತ್ತು ಹುಡುಕಲಿಲ್ಲ, ಸುಮ್ಮನೆ ಪರದೆ ನೋಡುತ್ತ ನಿಂತಿದ್ದರು.

“ಹಾಕಿದೆ ಮೇಡಂ. ಆದ್ರೆ ಒಳಗೆ ಕ್ಯಾಲ್ಸಿಯಂ ಕಟ್ಟಿಕೊಳ್ತಾ ಇದೆ.”

ಅಡುಗೆಮನೆಯ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಒಲೆ ಹಚ್ಚಿದಂತಾಗಿತ್ತು. ಸಾವಿನ ಬಾಗಿಲೆಂದು ತಾವು ತಿಳಿದದ್ದು ಅಷ್ಟು ಮಾತ್ರವಾಗಿರಲಿಲ್ಲ. ಆಗೀಗ ಒಂದು ಗೇಣು ತೆರೆದು ಒಳಗಿನ ಹೊಗೆಯನ್ನು ಹೊರಬಿಡುವುದೂ ಅದೇ ಬಾಗಿಲು. ಅಗುಳಿ ಅದನ್ನೂ ತಡೆದಿತ್ತು. ತೆಗೆದರೆ ಕೋಶ ಸಾಯುತ್ತದೆ, ಹಾಕಿದರೆ ಉಸಿರು ಕಟ್ಟುತ್ತದೆ. ಮುಂದಿನ ಗುರುವಾರ ಸುರಕ್ಷತಾ ಸಮಿತಿ ಸೇರಿ ಪರೀಕ್ಷೆಯನ್ನು ನಿಲ್ಲಿಸುವುದು ಬಹುಮಟ್ಟಿಗೆ ಖಚಿತವಾಗಿತ್ತು. ನಿಂತರೆ ಸೀಸೆಗಳು ವಾಪಸು, ಇಪ್ಪತ್ತನಾಲ್ಕು ಜನರ ಉಳಿದ ಕಣ್ಣು ದೇವರ ಮೇಲೆ ಭಾರ.

ಆ ಇಪ್ಪತ್ತನಾಲ್ಕರಲ್ಲಿ ಹದಿನೇಳನೆಯ ಸಂಖ್ಯೆ ಮಾತ್ರ ಪಾರಿಜಾತಳನ್ನು ಕಾಡಿತು. ಹನಿಯ ಲೆಕ್ಕ ಎಲ್ಲರಂತೆ ಸರಿಯಾಗಿಯೇ ಇತ್ತು. ಆದರೆ ದಿನದಿನದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಐದಾರು ದಿನ ನೀಲಿ, ಆಮೇಲೆ ಒಂದು ದಿನ ಅಲ್ಲಲ್ಲಿ ಕೆಂಪಿನ ಎಳೆ, ಮತ್ತೆ ನೀಲಿ. ಆ ಕೆಂಪಿನ ಮರುದಿನ ಕ್ಯಾಲ್ಸಿಯಂ ಇಳಿದಿರುತ್ತಿತ್ತು. ಹೊಗೆಯ ದೂರು ಹೇಳದವರಲ್ಲಿ ಈ ಹದಿನೇಳೂ ಒಂದು. ಕ್ಯಾಮೆರಾ ಕೆಟ್ಟಿದೆಯೆಂದು ಗುರುತು ಹಾಕಿಕೊಂಡು ಅವಳು ಭಾನುವಾರ ಊರಿಗೆ ಹೋದಳು.

ಮನೆಗೆ ಹೋದಾಗ ಬೆಳಿಗ್ಗೆ ಎಂಟು. ಅಶ್ವತ್ಥ ಜಗುಲಿಯ ಕಂಬಕ್ಕೆ ಒರಗಿ, ಮುಖ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಮುಟ್ಟದ ಚಿತ್ರಾನ್ನದ ತಟ್ಟೆ.

“ಏನಾಯ್ತೋ?”

“ಏನಿಲ್ಲಕ್ಕ. ವಾರಕ್ಕೊಂದಿನ ಇಂಗಾಗ್ತದೆ. ಬೆಳಕು ಬೇಡ ಅನಿಸ್ತದೆ, ಊಟ ಬೇಡ ಅನಿಸ್ತದೆ. ನಾಳೆ ಸರಿಹೋಗ್ತೀನಿ.”

ಒಳಗೆ ಕಾಲಿಟ್ಟ ಪಾರಿಜಾತಳಿಗೆ ಹಿತ್ತಲ ಬಾಗಿಲಲ್ಲಿ ತಾಯಿಯ ಬೆನ್ನು ಕಂಡಿತು. ಮುನಿವೆಂಕಟಮ್ಮ ಔಷಧಿಯ ಸೀಸೆಯನ್ನು ತುಳಸಿಯ ಕುಂಡದ ಮೇಲೆ ಹಿಡಿದು, ಅಳೆದು ತೂಗಿ, ಒಂದು ಹನಿ ಹಿಂಡಿದಳು. ಸೀಸೆ ಟಿಕ್ ಎಂದು ಲೆಕ್ಕ ಹಾಕಿಕೊಂಡಿತು.

“ಅಮ್ಮ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮುನಿವೆಂಕಟಮ್ಮ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿದಳು. ಆಮೇಲೆ, ಮುಚ್ಚಿ ಪ್ರಯೋಜನವಿಲ್ಲವೆಂದು ಕಂಡು, ಮಗಳನ್ನೇ ದಬಾಯಿಸಿದಳು. “ಬರ್ತೀನಿ ಅಂತ ಒಂದು ಫೋನ್ ಮಾಡಕ್ಕಾಗಲ್ವ ನಿಂಗೆ?”

“ಎಷ್ಟು ದಿನದಿಂದ ನಡೀತಿದೆ ಇದು?”

“ದಿನಾ ಅಲ್ಲ ಕಣೆ. ಅವನು ತಲೆ ಎತ್ತಿ ಕೂತಾಗ ಮಾತ್ರ.”

ಪಾರಿಜಾತಳಿಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷದ ದುಡಿಮೆ, ಇಪ್ಪತ್ತನಾಲ್ಕು ಜನರ ಕಣ್ಣು, ಇಲ್ಲಿ ತುಳಸಿಗೆ ನೈವೇದ್ಯ. ಬೈಯಲು ಬಾಯಿ ತೆರೆದಳು. ತಾಯಿ ಅವಳ ರಟ್ಟೆ ಹಿಡಿದು ಹುಳದ ಮನೆಗೆ ಎಳೆದುಕೊಂಡು ಹೋದಳು.

ಅಲ್ಲಿ ಹೊಸ ಬೆಳೆಯ ಹುಳ ಮೂರನೆಯ ಸಲ ಪೊರೆ ಬಿಡಲು ಕೂತಿದ್ದವು. ಸಾವಿರಾರು ಹುಳ, ಒಂದರ ಸದ್ದೂ ಇಲ್ಲ. ಎಲ್ಲವೂ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ನಿಂತಿದ್ದವು.

“ಈಗ ಇದಕ್ಕೆ ಸೊಪ್ಪು ಹಾಕ್ತೀಯಾ ನೀನು?” ಎಂದಳು ಮುನಿವೆಂಕಟಮ್ಮ. “ನೀನು ಏಳು ವರ್ಷದವಳಿದ್ದಾಗ ಪಾಪ ಹಸಿದವೆ ಅಂತ ಹಾಕಿಬಿಟ್ಟೆ. ಒಂದು ತಟ್ಟೆ ಪೂರ್ತಿ ಸತ್ತೋಯ್ತು, ನೆನಪೈತಾ? ಅದು ಒಳಗೇ ಹಳೇದನ್ನ ಕಳಚ್ತಾ ಇರ್ತದೆ. ಆಗ ನಾವು ಕೈ ಹಾಕಬಾರದು. ಅದಾಗೇ ಎದ್ದು ಬಾಯಾಡಿಸೋ ತಂಕ ಕಾಯಬೇಕು. ಅಶ್ವತ್ಥನೂ ಇಂಗೇ ಕೂರ್ತಾನೆ. ತಲೆ ಮೇಲೆ, ಕಣ್ಣು ಮುಚ್ಚಿ, ಊಟ ಬೇಡ ಅಂತ. ಆ ಹೊತ್ನಾಗೆ ಅವನ ಕಣ್ಣಿಗೆ ಮದ್ದು ಬಿಡಕ್ಕೆ ನಂಗೆ ಕೈ ಬರ್ಲಿಲ್ಲ. ಎದ್ದು ಹಸಿವು ಅಂದ್ನಾ, ಬಿಡ್ತೀನಿ.”

“ನಮಗೆ ಹೇಳಬಹುದಿತ್ತಲ್ಲಮ್ಮ.”

“ಹೇಳಿದ್ರೆ ಸೀಸೆ ಕಿತ್ಕೊಂತಾರೆ. ಕಾಗದದಾಗೆ ಬರೆದಂಗೆ ಹಾಕಲಿಲ್ಲ ಅಂದ್ರೆ ತೆಗೆದಾಕ್ತೀವಿ ಅಂತ ಅವತ್ತೇ ಓದಿ ಹೇಳಿದ್ರಲ್ಲ.” ಅವಳ ದನಿ ಇಳಿಯಿತು. “ನನ್ನಿಂದ ಬಂದಿದ್ದು ಕಣೆ ಈ ಕಾಯಿಲೆ. ಅದನ್ನ ಬರ್ಕೊಂಡ್ರು. ಮದ್ದೂ ನನ್ನಿಂದ ಹೋಯ್ತು ಅಂತ ಆಗಬಾರದು. ನೀನು ಯಾರಿಗೂ ಹೇಳಬೇಡ.”

ಪಾರಿಜಾತ ಹುಳಗಳನ್ನೇ ನೋಡುತ್ತ ನಿಂತಳು. ಕಾಲೇಜಿನಲ್ಲಿ ಅವಳು ಓದಿದ್ದಳು: ರೇಷ್ಮೆಹುಳದ ಮೈಯಲ್ಲಿ ಹಳೆಯ ಕೋಶಗಳು ಬಿಚ್ಚಿಕೊಳ್ಳುವುದೂ ಅದೇ ಬಾಗಿಲಿನ ಕೆಲಸ. ಓದಿ, ಪರೀಕ್ಷೆ ಬರೆದು, ಮರೆತಿದ್ದಳು. ಐದಾರು ದಿನ ನೀಲಿ, ಒಂದು ದಿನ ಕೆಂಪಿನ ಎಳೆ, ಮತ್ತೆ ನೀಲಿ. ಕ್ಯಾಮೆರಾ ಕೆಟ್ಟಿರಲಿಲ್ಲ. ಹದಿನೇಳು ಅವಳ ತಮ್ಮ.

ಸಂತೋಷಕ್ಕಿಂತ ಮೊದಲು ಅವಳಿಗೆ ಹೆದರಿಕೆಯಾಯಿತು. ಹೇಳಿದರೆ ತಮ್ಮನನ್ನು ಪರೀಕ್ಷೆಯಿಂದ ತೆಗೆದುಹಾಕುತ್ತಾರೆ. ನಿಯಮ ಅವಳೇ ಟೈಪು ಮಾಡಿದ್ದು. ಹೇಳದಿದ್ದರೆ ಗುರುವಾರ ಎಲ್ಲರಿಗೂ ಔಷಧಿ ನಿಲ್ಲುತ್ತದೆ. ತಾಯಿ ಮಾತ್ರ ಬಚ್ಚಿಟ್ಟ ಸೀಸೆಯಿಂದ ಇನ್ನೊಂದು ತಿಂಗಳು ಹೇಗೋ ನಡೆಸಿಯಾಳು. ಆಮೇಲೆ? ಉಳಿದ ಇಪ್ಪತ್ತಮೂರು ಮನೆಗಳಲ್ಲೂ ಹೀಗೆಯೇ ಒಬ್ಬೊಬ್ಬರು ಮುಖ ಎತ್ತಿ ಕೂತಿರುತ್ತಾರೆ, ಅವರ ತಾಯಂದಿರು ಕೇಂದ್ರ ಹೇಳಿದ ಮಾತು ಮೀರಬಾರದೆಂದು ತಪ್ಪದೆ ಹನಿ ಬಿಡುತ್ತಿರುತ್ತಾರೆ.

“ಹೇಳ್ತೀನಮ್ಮ,” ಎಂದಳು. “ಬೈದ್ರೆ ನನ್ನನ್ನ ಬೈತಾರೆ.”

ಮುನಿವೆಂಕಟಮ್ಮ ಮುಖ ತಿರುಗಿಸಿಕೊಂಡಳು. ಊಟಕ್ಕೆ ಕರೆಯಲಿಲ್ಲ, ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಫರೀದಾ ಎಲ್ಲವನ್ನೂ ನಿಂತುಕೊಂಡೇ ಕೇಳಿದರು. ಕೇಳಿ ಮುಗಿದ ಮೇಲೆ ಬೈದರು. ಪಾರಿಜಾತಳನ್ನು ಬೈದರು, ಸೀಸೆ ಮಾಡಿದವರನ್ನು ಬೈದರು, ಹನಿ ಬಿದ್ದದ್ದು ಕಣ್ಣಿಗೋ ಕುಂಡಕ್ಕೋ ತಿಳಿಯದ ಯಂತ್ರವನ್ನು ಬುದ್ಧಿವಂತ ಅಂದವರನ್ನು ಬೈದರು. ಬೈಗುಳ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು, “ಹದಿನೇಳರ ಚಿತ್ರ ಹಾಕು,” ಎಂದರು.

ಮಧ್ಯಾಹ್ನದವರೆಗೆ ಇಬ್ಬರೂ ಏಳಲಿಲ್ಲ. ತಾಯಿ ಹನಿ ನಿಲ್ಲಿಸಿದ ದಿನಗಳನ್ನು ಅಶ್ವತ್ಥ ಫೋನಿನಲ್ಲಿ ನೆನಪು ಮಾಡಿಕೊಂಡು ಹೇಳಿದ. ಕೆಂಪಿನ ಎಳೆಗಳು ಆ ದಿನಗಳಿಗೆ ಸರಿಯಾಗಿ ಹೊಂದಿದವು. ಬಾಗಿಲು ಗೇಣಗಲ ತೆರೆದಿತ್ತು, ಹೊಗೆ ಹೋಗಿತ್ತು, ಕೋಶ ಸಾಯುವಷ್ಟು ತೆರೆಯುವ ಮೊದಲೇ ಅಗುಳಿ ಮತ್ತೆ ಬಿದ್ದಿತ್ತು.

“ಒಬ್ಬನ ಚಿತ್ರ ನೋಡಿ ನಂಬೋಕಾಗಲ್ಲ. ಕಾಕತಾಳೀಯ ಇರಬಹುದು,” ಎಂದರು ಫರೀದಾ. ಕುರ್ಚಿ ಹಿಂದಕ್ಕೆ ಸರಿಸಿ, “ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಹನ್ನೊಂದು ವರ್ಷ ಇಲಿಗಳನ್ನೇ ನೋಡಿದ್ವಿ. ನಿಮ್ಮೂರಲ್ಲಿ ಎಷ್ಟು ಮನೆಯಲ್ಲಿ ಹುಳ ಸಾಕ್ತಾರೆ?” ಎಂದರು.

“ಎಲ್ಲಾ ಮನೇಲೂ ಮೇಡಂ.”

“ಚೆನ್ನಾಗಿದೆ.”

ಸಮಿತಿ ನಿಯಮ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಹದಿನೇಳನೆಯ ಸಂಖ್ಯೆಯನ್ನು ಲೆಕ್ಕದಿಂದ ತೆಗೆದರು. ಅವನ ಔಷಧಿಯನ್ನು ಮಾತ್ರ ಬೇರೆ ವೈದ್ಯರ ಉಸ್ತುವಾರಿಯಲ್ಲಿ ಮುಂದುವರಿಸಲು ಒಪ್ಪಿದರು. ಪಾರಿಜಾತಳನ್ನು ಚಿತ್ರ ಓದುವ ಕೆಲಸದಿಂದ ಬಿಡಿಸಿದರು. ಉಳಿದ ಇಪ್ಪತ್ತಮೂರು ಜನರಿಗೂ ನಡೆದದ್ದನ್ನು ತಿಳಿಸಿ, ಮತ್ತೊಮ್ಮೆ ಒಪ್ಪಿಗೆ ಕೇಳಿ, ಒಂದು ಸಲ ಹನಿ ನಿಲ್ಲಿಸಿ ನೋಡಲು ಅಪ್ಪಣೆ ಕೊಟ್ಟರು. ಇಪ್ಪತ್ತೊಂದು ಜನ ಒಪ್ಪಿದರು.

ನಿಲ್ಲಿಸಿದ ಮರುದಿನ ಮಧ್ಯಾಹ್ನ ಪಾರಿಜಾತಳಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಬಾಗಿಲು ತೆರೆದು ಬಂದ ಫರೀದಾ ತಲೆಗೂದಲಿನಿಂದ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಹದಿನೆಂಟು ಜನರಿಗೆ ಕ್ಯಾಲ್ಸಿಯಂ ಇಳೀತಾ ಇದೆ,” ಎಂದರು. “ಮೂವರಿಗೆ ಇಲ್ಲ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಅವರಿಗೆ ಬೇರೆ ದಾರಿ ಹುಡುಕಬೇಕು, ಬಿಡೋ ಹಾಗಿಲ್ಲ.” ಬೆಂಚಿನ ಮೇಲೆ ಪಕ್ಕದಲ್ಲಿ ಕೂತರು. “ಕಾಯಿಲೆ ತಾಯಿಯಿಂದ ಬಂದದ್ದು ಅಂತ ಅರ್ಜಿಯಲ್ಲಿ ಬರೆದೆವಲ್ಲ. ಇದೂ ಅಲ್ಲಿಂದಲೇ ಬಂತು ಅಂತ ವರದಿಯಲ್ಲಿ ಬರೀತೀನಿ. ನಿಮ್ಮ ತಾಯಿ ಹೆಸರು ಪೂರ್ತಿ ಹೇಳು.”

ಪಾರಿಜಾತ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಹೊಸ ಸೂಚನೆ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ‘ಆರು ದಿನಕ್ಕೊಮ್ಮೆ ಮೂವತ್ತಾರು ಗಂಟೆ ನಿಲ್ಲಿಸಿ’ ಎಂದು ಬರೆದು, ಮುನಿದುಕೊಂಡಿದ್ದ ತಾಯಿಗೆ ಫೋನಿನಲ್ಲಿ ಓದಿ ಹೇಳಿದಳು. ಆ ಕಡೆಯಿಂದ ಬಹಳ ದಿನದ ಮೇಲೆ ನಗು ಕೇಳಿಸಿತು.

“ಗಡಿಯಾರ ನೋಡ್ಕೊಂಡು ಹುಳ ಏಳ್ತದಾ? ಒಂದು ಬೇಗ ಏಳ್ತದೆ, ಒಂದು ತಡ. ಏಳೋ ತಂಕ ಕಾಯಿ ಅಂತ ಬರಿ.”

ಪಾರಿಜಾತ ಮೂವತ್ತಾರನ್ನು ಹೊಡೆದುಹಾಕಿ, ರೋಗಿ ತಾನಾಗಿ ಕಣ್ಣು ಬಿಟ್ಟು ಊಟ ಕೇಳುವವರೆಗೆ ಎಂದು ಬರೆದಳು. ಕ್ಯಾಮೆರಾದ ಚಿತ್ರಗಳೂ ಅದನ್ನೇ ಹೇಳಿದವು.

ನಾಲ್ಕು ತಿಂಗಳು ಕಳೆದು, ಒಂದು ಬೆಳಿಗ್ಗೆ, ಹಳೆಯ ಜೀಪಿನಲ್ಲಿ ಫರೀದಾ ಇಬ್ಬರು ನರ್ಸಮ್ಮಂದಿರನ್ನು ಕರೆದುಕೊಂಡು ಊರಿಗೆ ಬಂದರು. ಹನಿ ಯಾವಾಗ ನಿಲ್ಲಿಸಬೇಕು, ಯಾವಾಗ ಬಿಡಬೇಕು ಎಂಬ ಗುರುತನ್ನು ಹುಳ ತೋರಿಸಿ ಕಲಿಸಬೇಕೆಂದು ಮುನಿವೆಂಕಟಮ್ಮನಿಗೆ ಹೇಳಿಕಳುಹಿಸಿದ್ದರು. ಬಂದವರ ಗ್ರಹಚಾರ, ಅಂದು ಹುಳ ಹಣ್ಣಾದ ದಿನ. ಮುನಿವೆಂಕಟಮ್ಮ ಮೂವರ ಕೈಗೂ ಒಂದೊಂದು ತಟ್ಟೆ ಕೊಟ್ಟಳು.

“ಪಾಠ ಆಮೇಲೆ. ಮೊದ್ಲು ಇದು ಆಯಿರಿ. ಇವು ಕಾದು ಕೂರಲ್ಲ.”

ಜಗತ್ತು ತಿರುಗಿದ ಫರೀದಾ ಮೇಡಂ ಹುಳದ ಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಹತ್ತರಲ್ಲಿ ನಾಲ್ಕು ತಪ್ಪಿದವು. ಮುನಿವೆಂಕಟಮ್ಮ ಅವನ್ನು ವಾಪಸು ಸೊಪ್ಪಿಗೆ ಬಿಟ್ಟಳು.

ಅಶ್ವತ್ಥ ಬಾಗಿಲಲ್ಲಿ ನಿಂತಿದ್ದ. ಅವನ ಎಡಗಣ್ಣು ಮರಳಿರಲಿಲ್ಲ, ಮರಳುವುದೂ ಇಲ್ಲ. ಬಲಗಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಅವನು ಕೊನೆಯ ಸಾಲಿನವರೆಗೆ ಓದುತ್ತಾನೆಂದು ಆಸ್ಪತ್ರೆಯ ಕಾಗದ ಬಂದಿತ್ತು. ತಾಯಿ ಆ ಕಾಗದವನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದಳು, ಆದರೆ ತಟ್ಟೆ ಎಳೆದುಕೊಂಡ ಆ ಬೆಳಿಗ್ಗೆಯಿಂದ ಇಂದಿನವರೆಗೆ ಅವನ ಕೈಗೆ ತಟ್ಟೆ ಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ. ಇಬ್ಬರೂ ಹೆದರಿದ್ದರು, ಪಾರಿಜಾತಳಿಗೆ ಅದು ಗೊತ್ತಿತ್ತು.

ಅವನು ಒಳಗೆ ಬಂದು ತಾಯಿಯ ಬೆನ್ನ ಹಿಂದೆ ಬಗ್ಗಿದ. ಅವಳು ಆಯ್ದು ಮುಗಿಸಿ ಪಕ್ಕಕ್ಕೆ ಸರಿಸಿದ್ದ ತಟ್ಟೆಯಲ್ಲಿ, ಸೊಪ್ಪಿನ ದಂಟಿನ ಅಡಿಯಿಂದ, ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿದ.

“ಇದನ್ನ ಬಿಟ್ಟಿದೀಯಲ್ಲಮ್ಮ.”

ಮುನಿವೆಂಕಟಮ್ಮ ಅದನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತಿಳಿಯಾದ ಮೈ, ಒಳಗೆಲ್ಲ ನಸುಹಳದಿ. ಬಹಳ ಹೊತ್ತು ಹಿಡಿದೇ ಇದ್ದಳು. ಹುಳ ತಲೆ ಆಡಿಸಿ ಅವಳ ಹೆಬ್ಬೆರಳಿಗೆ ಮೊದಲ ಎಳೆ ಅಂಟಿಸಿತು. ಅವಳು ಎಳೆಯನ್ನು ಬಿಡಿಸಿ ಹುಳವನ್ನು ಚಂದ್ರಿಕೆಯ ಮೇಲೆ ಬಿಟ್ಟಳು. ಆಮೇಲೆ ಮಗನ ಮುಖ ನೋಡದೆ, ಇನ್ನೂ ಆಯದ ಹೊಸ ತಟ್ಟೆಯೊಂದನ್ನು ಅವನ ಕಡೆಗೆ ತಳ್ಳಿದಳು.